ಮುನ್ನೂರ ಎಪ್ಪತ್ತು ಗ್ರಾಂ ಸುಣ್ಣ

ಶನಿವಾರ ಬೆಳಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಹಾರೋಹಳ್ಳಿಯ ಕಾರ್ಖಾನೆಯೊಂದರ ತೊಟ್ಟಿಯಲ್ಲಿ ಸಾವಿರ ಲೀಟರ್ ಆಮ್ಲದ ನೀರಿತ್ತು. ಪಿಎಚ್ ಎರಡು. ಅದು ಏಳರ ಆಸುಪಾಸಿಗೆ ಬಾರದೆ ಹೊರಗೆ ಬಿಡುವಂತಿಲ್ಲ. ಬಿಡದೆ ಗುತ್ತಿಗೆ ಕೆಮಿಸ್ಟ್ ಲೋಕೇಶನಿಗೆ ಭಾನುವಾರದ ರಜೆಯಿಲ್ಲ. ಆರು ವಾರದಿಂದ ರಜೆ ಕಾಣದ ಅವನು ಗಾಣ ನಿಂತರೂ ಸುತ್ತುವ ಎತ್ತಿನಂತಾಗಿದ್ದ.

"ಒಂದು ಟ್ಯಾಂಕರ್ ನೀರು ಹೊಡ್ಸಯ್ಯ, ಸರಿಹೋಯ್ತದೆ" ಎಂದರು ಮ್ಯಾನೇಜರ್ ಅನಂತರಾಜು.

"ಆಗಲ್ಲ ಸಾರ್, ಪ್ರಬಲ ಆಮ್ಲ. ನೀರು ಹತ್ತು ಪಟ್ಟಾದ್ರೆ ಪಿಎಚ್ ಒಂದೇ ಒಂದು ಏರೋದು. ಆರಕ್ಕೆ ತರ್ಬೇಕಂದ್ರೆ ಒಂದು ಕೋಟಿ ಲೀಟರ್ ಬೇಕು."

ಟೀ ತಂದಿದ್ದ ಕ್ಯಾಂಟೀನಿನ ಚಿಕ್ಕಲಕ್ಷ್ಮಮ್ಮ ನಕ್ಕರು. "ಸಾರು ಹುಳಿಯಾದ್ರೆ ನಾವು ಒಂದು ಚೊಂಬು ನೀರು ಹುಯ್ತೀವಿ. ನಿನ್ನ ಸಾರಿಗೆ ಇಡೀ ಅರ್ಕಾವತಿ ಬೇಕೇನ್ಲಾ ಮಗಾ?"

ಟ್ಯಾಂಕರ್ ಬಂತು. ಐದು ಸಾವಿರ ಲೀಟರ್ ಸುರಿದ ಮೇಲೆ ಮೀಟರ್ 2.8 ತೋರಿಸಿತು. ಅನಂತರಾಜು ಅದರ ತಲೆಗೆ ಎರಡು ಏಟು ಕೊಟ್ಟರು. ಹಟಮಾರಿ ಸಾಕ್ಷಿಯಂತೆ ಅದು ಮಾತು ಬದಲಿಸಲಿಲ್ಲ.

"ಮುನ್ನೂರ ಎಪ್ಪತ್ತು ಗ್ರಾಂ ಸುಣ್ಣ ಸಾಕು ಸಾರ್" ಎಂದು ಲೋಕೇಶ ಲೆಕ್ಕದ ಹಾಳೆ ಚಾಚಿದ. ಉಗ್ರಾಣದಲ್ಲಿ ಸುಣ್ಣ ಮುಗಿದಿತ್ತು. ಕ್ಯಾಂಟೀನಿನ ಗೋಡೆಗೆ ಬಳಿಯಲು ತಂದಿದ್ದ ಒಂದು ಕಿಲೋ ಪುಡಿಯನ್ನು ಚಿಕ್ಕಲಕ್ಷ್ಮಮ್ಮ ಹಿಡಿದು ಬಂದರು. ಲೋಕೇಶ ತಕ್ಕಡಿ ತರುವಷ್ಟರಲ್ಲಿ ಪೊಟ್ಟಣ ಬರಿದಾಗಿತ್ತು.

"ಅಯ್ಯೋ ಲಕ್ಷ್ಮಕ್ಕ, ಅಷ್ಟೂ ಸುರಿದ್ಬುಟ್ರಾ!"

"ಇಷ್ಟು ದೊಡ್ಡ ತೊಟ್ಟಿಗೆ ಚಿಟಿಕೆ ಸುಣ್ಣ ಹಾಕಕ್ಕೆ ಅದೇನು ಎಲೆ ಅಡಿಕೆಯಾ?"

ಮೀಟರ್ 11.4 ತೋರಿಸಿತು.

"ಏಳು ಕೇಳ್ದೆ, ಹನ್ನೊಂದು ಬಂದೈತೆ. ಲಾಭಾನೇ ಅಲ್ವಾ?" ಎಂದರು ಚಿಕ್ಕಲಕ್ಷ್ಮಮ್ಮ.

ಹೆಚ್ಚಾದ ಕ್ಷಾರವನ್ನು ಇಳಿಸಲು ಲೋಕೇಶ ಮತ್ತೆ ಲೆಕ್ಕ ಹಾಕಿ, ಊಟ ಬಿಟ್ಟು, ಒಂದೂಮುಕ್ಕಾಲು ಲೀಟರ್ ಗಟ್ಟಿ ಆಮ್ಲವನ್ನು ಅಳೆದು, ಕೊನೆಗೆ ಹನಿಹನಿಯಾಗಿ ಬೆರೆಸಿದ. ಸಂಜೆ ಐದಕ್ಕೆ ಮೀಟರ್ 7.3ಕ್ಕೆ ಬಂದು ನಿಂತಿತು. ಅವನು ರಜೆ ಚೀಟಿ ಮುಂದಿಟ್ಟ.

"ನಾಳೆ ಇನ್ನೊಂದು ತೊಟ್ಟಿ ತುಂಬ್ತದಲ್ಲಯ್ಯ. ನೀನಿಲ್ದೆ ಲೆಕ್ಕ ಯಾರು ಮಾಡ್ತಾರೆ?" ಅನಂತರಾಜು ಪೆನ್ನು ಮುಚ್ಚಿದರು.

ಲೋಕೇಶ ಅಲ್ಲೇ ಕುಳಿತು ರಟ್ಟಿನ ಮೇಲೆ ಪಟ್ಟಿ ಬರೆದ: ಪಿಎಚ್ ಇಷ್ಟು, ನೀರು ಇಷ್ಟು, ಸುಣ್ಣ ಇಷ್ಟು. ಆರು ಗಂಟೆಗೆ ಮುಗಿಯಿತು.

"ಯಾರು ಬೇಕಾದ್ರೂ ಮಾಡ್ಬೋದು ಸಾರ್. ಕೂಡೋದೂ ಕಳೆಯೋದೂ ಇಲ್ಲ."

ಅನಂತರಾಜು ಪರೀಕ್ಷೆಗೆಂದು ಚಿಕ್ಕಲಕ್ಷ್ಮಮ್ಮನನ್ನು ಕರೆದರು. "ಪಿಎಚ್ ಮೂರು, ಸಾವಿರ ಲೀಟರ್. ಎಷ್ಟಮ್ಮ?"

ಅವರು ಪಟ್ಟಿಯ ಮೇಲೆ ಬೆರಳು ಓಡಿಸಿದರು. "ಮೂವತ್ತೇಳು ಗ್ರಾಂ."

"ಭೇಷ್!" ಅನಂತರಾಜು ಚೀಟಿಗೆ ಸಹಿ ಹಾಕಿದರು. ಮ್ಯಾನೇಜರ್ ಇಷ್ಟು ಖುಷಿಯಾಗಿದ್ದುದನ್ನು ಲೋಕೇಶ ಎಂದೂ ನೋಡಿರಲಿಲ್ಲ. ಭಾನುವಾರ ಹನ್ನೊಂದರವರೆಗೆ ಮಲಗಿದ.

ಸೋಮವಾರ ಗೇಟಿನಲ್ಲಿ ಕಾವಲುಗಾರ ಮುತ್ತುರಾಜು ಹಾಜರಿ ಪಟ್ಟಿಯನ್ನು ಎರಡು ಸಲ ತಿರುವಿದ. "ನಿನ್ನ ಹೆಸರೇ ಇಲ್ಲ ಕಣಣ್ಣ. ಗೋಡೆ ಮೇಲೆ ಅದೇನೋ ಪಟ್ಟಿ ನೇತಾಕವ್ರೆ, ಇನ್ನು ಕೆಮಿಸ್ಟ್ ಬ್ಯಾಡ್ವಂತೆ."

ಒಳಗೆ ಚಿಕ್ಕಲಕ್ಷ್ಮಮ್ಮ ಸುಣ್ಣ ತೂಗುತ್ತಿದ್ದರು. ಅದನ್ನು ಬೆರೆಸಿದ ಮೇಲೆ ಅಂದಿನ ತೊಟ್ಟಿಯ ಪಿಎಚ್ 7.1.