ಹನ್ನೆರಡು ತಟ್ಟೆ, ಎರಡು ಸೇರು ರಾಗಿ

ನನಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆಂದು ನಮ್ಮ ಕಾರ್ಖಾನೆಯಲ್ಲಿ ಸುದ್ದಿ ಹಬ್ಬಿದ್ದೇ (ಹಬ್ಬಿಸಿದವನು ನಾನೇ) ಈ ಅನಾಹುತಕ್ಕೆಲ್ಲ ಮೂಲ.

ಯಶವಂತಪುರದ ಆ ಕಾರ್ಖಾನೆಯಲ್ಲಿ ಚಿಕ್ಕಹನುಮಯ್ಯನೆಂಬ ನಾನು ಗುಮಾಸ್ತ. ಒಂದೂವರೆ ವರ್ಷದಿಂದ 'ತಾತ್ಕಾಲಿಕ'. ಅಮೃತಹಳ್ಳಿಯ ನಮ್ಮ ಮಾವ ದೊಡ್ಡಮುನಿಯಪ್ಪನವರ ದೃಷ್ಟಿಯಲ್ಲಿ ನಾನು ಅಳಿಯನಾಗಿರುವುದೂ ತಾತ್ಕಾಲಿಕವೇ. "ಒಂದು ಹಿಡಿ ರಾಗಿ ನೆಟ್ಟಗೆ ಚೆಲ್ಲಾಕ್ ಬರಾಕಿಲ್ಲ, ಇವ್ನ್ ಕೆಲ್ಸ ಅದೆಂಗ್ ಖಾಯಂ ಆಯ್ತದೆ?" ಎಂಬುದು ಅವರ ಸಂಶಯ.

ಅರವತ್ಮೂರನೇ ಇಸವಿಯಲ್ಲಿ ಮೇನೇಜರ ಕೋಣೆಯ ಮುಂದಿನ ಹುಲ್ಲುಹಾಸಿಗೆಂದು ವಿಲಾಯತಿಯಿಂದ ಒಂದು ಯಂತ್ರ ಬಂತು, ಜೊತೆಗೊಂದು ಇಂಗ್ಲಿಷ್ ಪುಸ್ತಕ. ಎರಡು ಚಕ್ರದ ಮೇಲೊಂದು ಮುಚ್ಚಳದ ಡಬ್ಬ, ಡಬ್ಬದ ತಳದಲ್ಲಿ ತೂತು, ತೂತು ಹಿಗ್ಗಿಸಿ ಕುಗ್ಗಿಸಲು ಒಂದರಿಂದ ಹತ್ತು ನಂಬರಿನ ಹಿಡಿ, ಕೆಳಗೆ ಗಿರಗಿರ ತಿರುಗುವ ತಟ್ಟೆ. ತಳ್ಳಿಕೊಂಡು ಹೋದರೆ ಮಾತ್ರ ತೂತು ತೆರೆದು, ಕಾಳಿನಂಥ ಬಿಳಿ ಗೊಬ್ಬರವನ್ನು ಎರಡೂ ಕಡೆಗೆ ಬೀಸಿ ಚೆಲ್ಲುತ್ತದೆ.

"ಪುಸ್ತಕ ಓದಿ ಇದನ್ನ ಸರಿಮಾಡ್ರಿ," ಎಂದರು ಮೇನೇಜರು. "ಹುಲ್ಲು ಒಂದೇ ಸಮ ಹಸಿರಾದ ದಿನ ನಿಮ್ಮ ಖಾಯಂ ಕಾಗದಕ್ಕೆ ಸಹಿ."

ಪುಸ್ತಕದ ವಿಧಾನ ಸುಲಭವಾಗಿತ್ತು. ಅಡ್ಡಕ್ಕೆ ಸಾಲಾಗಿ ತಟ್ಟೆಗಳನ್ನಿಟ್ಟು ಯಂತ್ರ ತಳ್ಳಬೇಕು. ಯಾವ ತಟ್ಟೆಗೆ ಎಷ್ಟು ಬಿತ್ತೆಂದು ಅಳೆಯಬೇಕು. ಎಲ್ಲದಕ್ಕೂ ಸಮ ಬೀಳುವವರೆಗೆ ನಂಬರು ಬದಲಿಸಬೇಕು. ಆದರೆ ಹುಲ್ಲುಹಾಸಿನ ಮಾಲಿ ಮೊಯಿನುದ್ದೀನ್ ಇದ್ದನಲ್ಲ! ವರ್ಷಗಟ್ಟಲೆ ಕೈಯಲ್ಲೇ ಗೊಬ್ಬರ ಚೆಲ್ಲಿದವನು, ಯಂತ್ರ ನೋಡಿ ನಕ್ಕ. ಯಾಕೆ ನಕ್ಕ? ನಾನು ಆ ಕಡೆ ತಿರುಗಿದೊಡನೆ ನಂಬರು ತಿರುಗಿಸುತ್ತಾನೆ, ಖಂಡಿತ! ಆದ್ದರಿಂದ ಅಪ್ಪಣೆ ಪಡೆದು ಶನಿವಾರ ಯಂತ್ರವನ್ನು ಮನೆಗೇ ತಂದೆ. ಗೊಬ್ಬರ ಗೇಟು ದಾಟುವಂತಿರಲಿಲ್ಲ. ಇರಲಿ, ಅದೂ ಕಾಳು, ಇದೂ ಕಾಳು ಎಂದು ಮನೆಯ ರಾಗಿಯನ್ನೇ ಸುರಿದೆ.

ಭಾನುವಾರ ಬೆಳಗ್ಗೆ ಅಂಗಳದಲ್ಲಿ ಹನ್ನೆರಡು ತಟ್ಟೆ ಇಟ್ಟಿದ್ದನ್ನು ನೋಡಿ ನನ್ನ ಹೆಂಡತಿ ವೆಂಕಟಲಕ್ಷ್ಮಮ್ಮ ಸೊಂಟಕ್ಕೆ ಕೈಯಿಟ್ಟಳು.

"ಯಾರು ಬರ್ತಿದಾರೆ ಊಟಕ್ಕೆ?"

"ಯಾರೂ ಇಲ್ಲ ಕಣೇ."

"ಯಾರೂ ಇಲ್ದೆ ಹನ್ನೆರಡು ತಟ್ಟೆನಾ? ನಿಮ್ಮಕ್ಕನ ಮನೆಯೋರು ತಾನೆ? ಹೇಳಿಬಿಡ್ರಿ, ಸಾರಿಗೆ ನೀರಾದ್ರೂ ಹಾಕ್ತೀನಿ."

"ಇದು ವೈಜ್ಞಾನಿಕ ಪ್ರಯೋಗ!"

"ಹಾಗಾದ್ರೆ ನನ್ನ ಮದುವೆ ಬೆಳ್ಳಿತಟ್ಟೆ ವಿಜ್ಞಾನಕ್ಕೆ ಯಾಕೆ?"

ಏಳನೇ ನಂಬರಿಗೆ ನಡುವಿನ ತಟ್ಟೆಗಳಲ್ಲಿ ಗುಡ್ಡೆ, ಅಂಚಿನದರಲ್ಲಿ ಮೂರೇ ಕಾಳು. ಎರಡಕ್ಕೆ ಎಲ್ಲ ತಟ್ಟೆಗೂ ಉಪವಾಸ. ಬಿಸಿಲೇರುವ ಹೊತ್ತಿಗೆ ನಾಲ್ಕನೇ ನಂಬರಿನಲ್ಲಿ, ಸಮಹೆಜ್ಜೆಯಲ್ಲಿ ತಳ್ಳಿದಾಗ, ಹನ್ನೆರಡಕ್ಕೂ ಸಮ ಬಿತ್ತು! ಆ ಕ್ಷಣವೇ ಹಿಡಿಯನ್ನು ನಾಲ್ಕಕ್ಕೆ ದಾರದಿಂದ ಕಟ್ಟಿ, ಮುಚ್ಚಳಕ್ಕೂ ದಾರ ಸುತ್ತಿ, ಎರಡಕ್ಕೂ ಅರಗಿನ ಮುದ್ರೆ ಒತ್ತಿದೆ.

ಅಷ್ಟರಲ್ಲಿ ಅಂಗಳದ ರಾಗಿ ಗುಡಿಸಿ ಅಳೆದ ವೆಂಕಟಲಕ್ಷ್ಮಮ್ಮ, "ಎರಡು ಸೇರು ಕಮ್ಮಿ ಇದೆ," ಎಂದಳು.

"ಪಕ್ಕದ್ಮನೆ ತಾಹೆರಾ ಕೋಳಿಗಳು ತಿಂದಿರ್ತವೆ."

"ಕೋಳಿ ಗೂಡಲ್ಲಿದಾವೆ. ಯಾರಿಗೆ ಕೊಟ್ರಿ, ನಿಜ ಹೇಳಿ."

ನಾನು ಬಗ್ಗಿ, ಅರಗು ಗಟ್ಟಿಯಾಗಲೆಂದು ಊದತೊಡಗಿದೆ.

ಸೋಮವಾರ ಯಂತ್ರ ಇಳಿಸಿಕೊಳ್ಳುತ್ತ ಮೊಯಿನುದ್ದೀನ್ ಕಿವಿಗೊಟ್ಟ. "ಒಳಗೆ ಏನೋ ಗಲಗಲ ಅಂತದೆ ಸಾರ್. ಬಗ್ಗಿಸಿ ನೋಡ್ಲಾ?"

"ಮುಟ್ಟಬೇಡ!" ಎಂದು ಅಡ್ಡ ನಿಂತೆ. "ಅನುಮಾನ ಅಂತಲ್ಲ ಮೊಯಿನುದ್ದೀನ್. ಸುಮ್ನೆ ಭದ್ರತೆಗೆ."

ಅವನು ಬಗ್ಗಿ ನೋಡದಂತೆ ಬೆನ್ನು ಕೊಟ್ಟು, ಮುದ್ರೆ ಒಡೆದು, ಮುಚ್ಚಳವನ್ನು ನಾಲ್ಕೇ ಬೆರಳು ಎತ್ತಿ ಗೊಬ್ಬರ ಸುರಿದೆ. ಮೇನೇಜರ ಕಿಟಕಿಯ ಕೆಳಗಿಂದಲೇ ತಳ್ಳತೊಡಗಿದೆ. ಮೊದಲಿಗೆ ಕಂದು ಬಣ್ಣದ್ದು ಉದುರಿತು. ಹೊಸ ಯಂತ್ರದ ತುಕ್ಕು ಎಂದುಕೊಂಡೆ. ಆಮೇಲೆ ಬಿಳಿ ಗೊಬ್ಬರ ಬಂತು.

ಹನ್ನೆರಡನೆಯ ದಿನ ಮೇನೇಜರೇ ಹೊರಗೆ ಬಂದರು. ಕಿಟಕಿಯ ಕೆಳಗೆ ತೆಳ್ಳನೆಯ ಎಳೆಗಳ ಹಸಿರು ಒತ್ತಾಗಿ, ಒಂದೇ ಸಮ ಎದ್ದಿತ್ತು. "ವೆರಿ ಗುಡ್! ಈ ಕಡೆ ಅಂತೂ ಜಮಖಾನ ಹಾಸಿದ ಹಾಗಿದೆ," ಎಂದು ಅಲ್ಲಿಯೇ ಕಾಗದ ತರಿಸಿ ಪೆನ್ನಿನ ಟೋಪಿ ತೆಗೆದರು.

ಈ ಶುಭ ಗಳಿಗೆಯನ್ನು ನೋಡಲೆಂದು ನಾನೇ ಮಾವನವರನ್ನು ಕರೆಸಿದ್ದೆ. ಅವರು ಬಗ್ಗಿ ಒಂದು ಎಳೆ ಕಿತ್ತರು, ಬೇರು ನೋಡಿದರು, ಬಾಯಲ್ಲಿಟ್ಟು ಅಗಿದರು. ಮುಖ ಅರಳಿತು.

"ಸ್ವಾಮಿ," ಎಂದರು ಮೇನೇಜರಿಗೆ ಕೈಮುಗಿದು, "ನಮ್ ಅಳಿಯಂದ್ರ ಬಗ್ಗೆ ನಂಗೆ ಅನ್ಮಾನ ಇತ್ತು. ಇವತ್ತಿಗೆ ಓಯ್ತು. ನಲವತ್ತು ವರ್ಸದಿಂದ ಬಿತ್ತಿವ್ನಿ, ಇಷ್ಟು ಸಮವಾಗಿ ನಂಗೂ ಬಿದ್ದಿಲ್ಲ. ಏನ್ ಬೆಳೆ! ಏನ್ ರಾಗಿ!"

"ರಾಗಿ?" ಎಂದರು ಮೇನೇಜರು.

"ಊಂ ಸ್ವಾಮಿ, ಅಪ್ಪಟ ರಾಗಿ. ನಮ್ಮೂರ್ದೇ. ಮಗಳ್ಗೆ ನಾನೇ ಕೊಟ್ ಕಳ್ಸಿದ್ದು."

ಪೆನ್ನಿನ ಟೋಪಿ ಮತ್ತೆ ಪೆನ್ನಿಗೇರಿತು. ಮೊಯಿನುದ್ದೀನ್ ಮೊದಲಿನಂತೆಯೇ ನಕ್ಕ. ಈ ಸಲ ಯಾಕೆಂದು ಯೋಚಿಸಬೇಕಾಗಲಿಲ್ಲ.

ಮಾವ ನನ್ನನ್ನು ಪೂರ್ತಿ ಅಳಿಯನೆಂದು ಒಪ್ಪಿದ್ದಾರೆ. ಬರುವ ಮಳೆಗೆ ಮೂರು ಎಕರೆ ಬಿತ್ತಲು ಕರೆದಿದ್ದಾರೆ. ಕಾರ್ಖಾನೆಯಲ್ಲಿ ನಾನಿನ್ನೂ ತಾತ್ಕಾಲಿಕ. ಸಂಜೆ ಐದರ ಮೇಲೆ ಮಾತ್ರ, ಮೊಯಿನುದ್ದೀನನ ಕೈಕೆಳಗೆ ಕೂತು ರಾಗಿ ಪೈರು ಕೀಳುತ್ತೇನೆ. "ಕಿತ್ತದ್ದನ್ನ ಎಸೀಬೇಡಿ, ಅಪ್ಪನ ಹಸೂಗೆ ಆಗುತ್ತೆ. ಎರಡು ಸೇರಿನ ಲೆಕ್ಕ ನನಗಿದೆ," ಎಂದು ವೆಂಕಟಲಕ್ಷ್ಮಮ್ಮ ದಿನವೂ ಚೀಲ ಕೊಟ್ಟು ಕಳಿಸುತ್ತಾಳೆ.

ಗೇಟಿನ ಹತ್ತಿರ ಮೊಯಿನುದ್ದೀನ್ ಆ ಚೀಲ ಬಿಚ್ಚಿಸುತ್ತಾನೆ. ಕೈಹಾಕಿ ತಳದವರೆಗೂ ತಡಕುತ್ತಾನೆ.

"ಅನುಮಾನ ಅಂತಲ್ಲ ಸಾರ್," ಎನ್ನುತ್ತಾನೆ. "ಸುಮ್ನೆ ಭದ್ರತೆಗೆ."