ಹದಿನೈದರ ಟಿಕೆಟು, ಮೂವತ್ತೈದರ ಟಿಕೆಟು

ನನಗೆ ಯಾರೂ ಮೋಸ ಮಾಡಲಿಕ್ಕಾಗುವುದಿಲ್ಲ ಎಂದು ನಲವತ್ತು ವರ್ಷದಿಂದ ನಂಬಿಕೊಂಡು ಬಂದವಳು ನಾನು. ಹಾಗೆ ನಂಬಿಕೊಂಡವರಿಗೆ ಮೋಸ ಮಾಡಲು ಬೇರೆಯವರು ಬರಬೇಕಾಗಿಲ್ಲ ಎಂಬುದು ಈಚೆಗೆ ತಿಳಿಯಿತು. ನಾನು ಓದಿದ್ದು ಎರಡನೇ ಕ್ಲಾಸು. ಇದನ್ನು ಬರೆದದ್ದು ನಾನೇ, ಕಾಗುಣಿತ ತಿದ್ದಿದ್ದು ಸೊಸೆ. ಬೈಗುಳವನ್ನೂ ತಿದ್ದಲು ಹೊರಟಿದ್ದಳು, ಬಿಡಲಿಲ್ಲ.

ಮೀನಿನವಳು ನಮ್ಮ ಅಂಗಳಕ್ಕೆ ಬಂದರೆ ಬುಟ್ಟಿ ಇಳಿಸುವ ಮೊದಲು ಒಂದು ನಿಟ್ಟುಸಿರು ಇಳಿಸುತ್ತಾಳೆ. ನಮ್ಮ ಕುಟುಂಬದಲ್ಲಿ ಯಾರ ಮದುವೆಯಾದರೂ ಕುಂದಾಪುರದ ಸೀರೆ ಅಂಗಡಿಯಲ್ಲಿ ಮುಂದಿನ ಸಾಲಿನಲ್ಲಿ ಕೂತು ಕ್ರಯ ಇಳಿಸುವುದು ನಾನು. ಮದುಮಗಳು ನನ್ನ ಹಿಂದೆ. ಬಸ್ಸಿನಲ್ಲೂ ಹಾಗೆಯೇ. ಬ್ರಹ್ಮಾವರದಲ್ಲಿ ಹತ್ತಿ ಕೋಟದಲ್ಲಿ ಇಳಿಯುವುದಾದರೆ ಕಂಡಕ್ಟರ್ ಹೇಳಿದ್ದಕ್ಕಿಂತ ಐದು ರೂಪಾಯಿ ಕಡಿಮೆ ಅವನ ಕೈಯಲ್ಲಿಟ್ಟು "ಟಿಕೇಟ್ ಬ್ಯಾಡ ಮಗಾ" ಎನ್ನುತ್ತೇನೆ. ಅವನು ಮಾತಿಲ್ಲದೆ ಚೀಲಕ್ಕೆ ಹಾಕಿಕೊಳ್ಳುತ್ತಾನೆ. ಅವನಿಗೂ ಖುಷಿ, ನನಗೂ ಖುಷಿ. ಬಸ್ಸಿನ ಯಜಮಾನನಿಗೆ ಖುಷಿಯೋ ಇಲ್ಲವೋ ಕೇಳಲು ಹೋಗಿಲ್ಲ.

ಮಂಡಿ ಕೈಕೊಟ್ಟ ಮೇಲೆ ಬಸ್ಸಿನ ಮೆಟ್ಟಿಲು ಹತ್ತುವುದು ಕಷ್ಟವಾಗಿ ರೈಲು ಹಿಡಿದೆ. ರೈಲಿನ ಮೆಟ್ಟಿಲೂ ಎತ್ತರವೇ, ಆದರೆ ಹತ್ತುವಾಗ ಹಿಂದಿನಿಂದ ಯಾರೂ "ಬೇಗ, ಬೇಗ" ಎಂದು ಸೀಟಿ ಊದುವುದಿಲ್ಲ. ತಿಂಗಳಿಗೊಮ್ಮೆ ಬೈಂದೂರಿಗೆ ಹೋಗುವುದು, ಅಲ್ಲಿ ನನ್ನ ಗಂಡನ ತಂಗಿ ಗುಲಾಬಿಯ ಮನೆ. ಇನ್ನೊಂದು ಸಲ ಅವಳು ನಮ್ಮಲ್ಲಿಗೆ ಬರುವುದು. ಗುಲಾಬಿ ಸಾಧು. ಅಂಗಡಿಯವನು ಹೇಳಿದ ಕ್ರಯವನ್ನು ಕೊಟ್ಟು, ಮೇಲಿಂದ ಅವನ ಮಕ್ಕಳ ಆರೋಗ್ಯ ವಿಚಾರಿಸಿ ಬರುವ ಜಾತಿ. ಇಂಥವಳು ಹೋದ ತಿಂಗಳು ನಾನು ಚಪ್ಪಲಿ ಬಿಡುವ ಮೊದಲೇ ಕೇಳಿದಳು.

"ರೈಲಿಗ್ ಎಷ್ಟ್ ಕೊಟ್ರಿ ಅತ್ತಿಗೆ?"

"ಮೂವತ್ತೈದ್."

"ಅಯ್ಯೋ! ನಾನ್ ನಿಮ್ಮನಿಗ್ ಬಪ್ಪತಿಗೆ ಹದಿನೈದೇ ಕೊಡೂದ್. ಅದೇ ಹಳಿ, ಅದೇ ದೂರ. ನಿಮ್ಮನ್ನ್ ಯಾರೋ ಸಮಾ ಮಂಗ ಮಾಡ್ತಿದ್ರ್ ಕಾಣಿ!"

ಅವಳ ಮನೆಯವರೆಲ್ಲ ನಕ್ಕರು. ಮದುವೆಗೆ ನಿಂತ ಅವಳ ಮಗಳು ಸುಮತಿ ಬಾಯಿಗೆ ಸೆರಗು ಹಿಡಿದು ನಕ್ಕಳು. ನಗಲಿ. ಆದರೆ ಊಟ ಬಡಿಸುವಾಗ ಗುಲಾಬಿ ಮೆಲ್ಲಗೆ ಹೇಳಿದಳು: "ಸುಮತಿ ಸೀರಿಗೆ ಈ ಸಲ ನಾನೇ ಮಾತಾಡ್ತೆ ಅತ್ತಿಗೆ. ನಿಮಗೂ ಪ್ರಾಯ ಆಯ್ತಲೆ." ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ. ಮಂಡಿ ಹೋದಾಗ ಇಷ್ಟು ಬೇಜಾರಾಗಿರಲಿಲ್ಲ. ಸೀರೆ ಅಂಗಡಿಯ ಮುಂದಿನ ಸಾಲು ಹೋಗುವುದೆಂದರೆ ನಾನು ಮತ್ತೆ ಎಂತಕ್ಕೆ ಇರುವುದು?

ನಮ್ಮ ಸ್ಟೇಷನ್ನಿನ ಹೆಸರು ಹೇಳುವುದಿಲ್ಲ, ಅಲ್ಲಿಯವರು ಒಳ್ಳೆಯವರು. ಅಲ್ಲೊಂದು ಟಿಕೆಟಿನ ಮಿಶನ್ನು ಇದೆ. ಅದರ ಪಕ್ಕ ಕೆಲಸದಿಂದ ನಿವೃತ್ತನಾದ ಶೇಖರ ಎಂಬವನು ಸ್ಟೂಲು ಹಾಕಿ ಕೂತು, ನಮ್ಮಂಥವರಿಗೆ ಒತ್ತಿ ಕೊಡುತ್ತಾನೆ. ಮರುದಿನವೇ ಹೋಗಿ ಅವನ ಮುಂದೆ ನಿಂತು ನಾದಿನಿಯ ಹದಿನೈದರ ಕತೆ ಹೇಳಿದೆ.

"ಹ್ವಾಯ್ ಶೇಖರ, ಇಷ್ಟ್ ದಿನ ನನ್ನ್ ಇಪ್ಪತ್ತಿಪ್ಪತ್ತ್ ರುಪಾಯಿ ಯಾರ್ ತಿಂದದ್ದ್? ನೀನಾ, ನಿನ್ನ್ ಡಬ್ಬಿಯಾ?"

ಅವನು ಸ್ಟೂಲಿನಿಂದ ಎದ್ದೇಬಿಟ್ಟ. "ಅಮ್ಮ, ನೀವ್ ಹೋಪುದ್ ಬೆಳಿಗ್ಗಿ ಗಾಡಿ. ಅದ್ ಎಕ್ಸ್‌ಪ್ರೆಸ್. ನಿಮ್ ನಾದಿನಿ ಬಪ್ಪುದ್ ಮಧ್ಯಾಹ್ನದ್ ಗಾಡಿ. ಅದ್ ಆರ್ಡಿನರಿ. ರೇಟ್ ಬೇರೆ ಬೇರೆ."

"ಬೆಳಿಗ್ಗಿದ್ ಎಕ್ಸ್‌ಪ್ರೆಸ್ಸಾ? ಎಲ್ಲಾ ಸ್ಟೇಷನ್ನಂಗೂ ನಿಲ್ಲತ್ತಲ್ದಾ. ಮಧ್ಯ ಕಾಡಂಗ್ ನಿಂತ್ ಎದುರಿಂದ್ ಬಪ್ಪ ಗಾಡಿಗ್ ದಾರಿ ಬಿಡತ್ತ್. ನನ್ನ್ ಮಂಡಿ ಅದ್ಕಿಂತ್ ಬೇಗ ನಡೀತ್!"

"ನಿಂತ್ರೂ ಎಕ್ಸ್‌ಪ್ರೆಸ್ಸೇ ಅಮ್ಮ. ಹೆಸ್ರ್ ಹಾಂಗಿತ್ತ್."

ಎಮ್ಮೆಗೆ ಕುದುರೆ ಎಂದು ಹೆಸರಿಟ್ಟು ಕುದುರೆಯ ಬಾಡಿಗೆ ಕೇಳಿದ ಹಾಗಾಯಿತು. ಅವನು ಪಾಪ, ಪರದೆಯನ್ನೂ ತೋರಿಸಿದ. ಎಕ್ಸ್‌ಪ್ರೆಸ್ಸಿನದು ತಾನಾಗಿಯೇ ಮುಂದೆ ಬಂದು ಕೂತಿರುತ್ತದೆ. ಪಕ್ಕದ ಚೌಕ ಒತ್ತಿದರೆ ಹದಿನೈದರದ್ದು. ಮನೆಗೆ ಬಂದು ಸೊಸೆಗೆ ಹೇಳಿದರೆ ಅವಳು ಫೋನಿನಲ್ಲಿ ನೋಡಿ, ಅದರಲ್ಲಿ ತೆಗೆದರೆ ಒಂದಿಷ್ಟು ಸೋಡಿ ಬೇರೆ ಇದೆ, ಕ್ರಯ ಇನ್ನೂ ಇಳಿಯುತ್ತದೆ ಎಂದಳು. ಆದರೆ ಆ ಫೋನು ಹಳಿಯ ಹತ್ತಿರ ನಿಂತವರಿಗೆ ಟಿಕೆಟು ಕೊಡುವುದಿಲ್ಲವಂತೆ, ದೂರ ಹೋಗಿ ಕೇಳಬೇಕಂತೆ. ರೈಲಿಗೆ ಟಿಕೆಟು ಬೇಕಾದರೆ ರೈಲಿನಿಂದ ದೂರ ಹೋಗಬೇಕು ಎಂದು ಕಾನೂನು ಮಾಡಿದವನ ತಾಯಿಯನ್ನು ಒಮ್ಮೆ ಮಾತಾಡಿಸಬೇಕು ಎನಿಸಿತು. ಈ ಒಂದು ಮಾತನ್ನು ಮಾತ್ರ ಸೊಸೆ ತಿದ್ದಿದ್ದಾಳೆ, ನಾನು ಬರೆದದ್ದು ಬೇರೆ.

ಶೇಖರ ಹೇಳಿದ್ದು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ನನಗೆ ನೆನಪು ಉಳಿದದ್ದು ಪಕ್ಕದ ಚೌಕ ಮಾತ್ರ. ಈ ಸಲ ಸೀರೆ ತೆಗೆಯುವ ಹಿಂದಿನ ದಿನ ಬೈಂದೂರಿಗೆ ಹೊರಟಾಗ ಶೇಖರ ಚಾ ಕುಡಿಯಲು ಹೋಗಿದ್ದ. ಸೊಸೆ ದುಡ್ಡು ತುಂಬಿಸಿ ಮಾಡಿಸಿಕೊಟ್ಟ ರೈಲಿನ ಕಾರ್ಡನ್ನು ಮಿಶನ್ನಿನ ಮೇಲಿಟ್ಟು ಆ ಚೌಕ ಒತ್ತಿದೆ. ಹದಿನೈದರ ಟಿಕೆಟು ಕಿರ್‍ರೆಂದು ಹೊರಗೆ ಬಂತು. ಬಂಗುಡೆಯನ್ನು ಅರ್ಧ ಕ್ರಯಕ್ಕೆ ತೆಗೆದ ಸಂತೋಷದಲ್ಲಿ ಅದೇ ಬೆಳಗಿನ ಗಾಡಿ ಹತ್ತಿ ಕಿಟಕಿ ಪಕ್ಕ ಕೂತೆ.

ಆ ಗಾಡಿಯಲ್ಲಿ ಚೆಕಿಂಗಿನವನನ್ನು ನಾನು ಹಿಂದೆ ಕಂಡದ್ದೇ ಇಲ್ಲ. ಆವತ್ತು ಬಂದ. ಘಟ್ಟದ ಮೇಲಿನವನು, ಕಪ್ಪು ಕೋಟು, ತೆಳ್ಳಗಿನ ಮೀಸೆ. ಟಿಕೆಟು ತಿರುಗಿಸಿ ನೋಡಿ, "ಅಜ್ಜಿ, ಇದು ಎಕ್ಸ್‌ಪ್ರೆಸ್ ಗಾಡಿ. ನಿಮ್ಮ ಹತ್ತಿರ ಇರುವುದು ಆರ್ಡಿನರಿ ಟಿಕೆಟ್. ಇನ್ನೂರೈವತ್ತು ದಂಡ, ಮೇಲೆ ಇಪ್ಪತ್ತು" ಎಂದ.

ಬಸ್ಸಿನ ಅಭ್ಯಾಸ ಎಲ್ಲಿಗೆ ಹೋಗುತ್ತದೆ? ಐವತ್ತರ ನೋಟು ಮಡಚಿ ಅವನ ಕೈಯಲ್ಲಿಟ್ಟೆ. "ಇದನ್ ಇಟ್ಕೊ ಮಗಾ. ರಶೀದಿ ಬ್ಯಾಡ."

ಅವನು ನೋಟನ್ನೂ ನೋಡಿದ, ನನ್ನನ್ನೂ ನೋಡಿದ. "ಅಜ್ಜಿ, ಇದಕ್ಕೆ ಜೈಲು ಇದೆ. ದಂಡವೇ ಅಗ್ಗ."

ಎದುರು ಸೀಟಿನಲ್ಲಿ ಕೊಲ್ಲೂರಿಗೆ ಹೊರಟ ಯಾತ್ರಿಕರು ದೇವರ ನಾಮ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಇನ್ನೂರೆಪ್ಪತ್ತು ಎಣಿಸಿ ಕೊಟ್ಟೆ. ರಶೀದಿಯನ್ನು ಎಂಟು ಮಡಿಕೆ ಮಾಡಿ ಎಲೆ ಅಡಿಕೆಯ ಚೀಲದ ಅಡಿಗೆ ಸೇರಿಸಿದೆ.

ಬೈಂದೂರಿನಲ್ಲಿ ಗುಲಾಬಿ ಅದೇ ಪ್ರಶ್ನೆ ಕೇಳಿದಳು. ನಾನು ಹದಿನೈದರ ಆರ್ಡಿನರಿ ಟಿಕೆಟನ್ನು ಅವಳ ಮೂಗಿನ ಮುಂದೆ ಹಿಡಿದೆ. ಸುಳ್ಳು ಹೇಳಲಿಲ್ಲ. ಟಿಕೆಟು ಸತ್ಯವೇ ತಾನೇ?

"ಬೆಳಿಗ್ಗಿ ಗಾಡಿಗೂ ಹದಿನೈದೇ ಆಯ್ತಾ? ನೀವ್ ಅಂದ್ರೆ ನೀವೇ ಅತ್ತಿಗೆ! ನಾಳೆ ಸೀರಿಗೆ ನೀವೇ ಮುಂದೆ ಕೂಕಣಿ" ಎಂದಳು. ಆ ರಾತ್ರಿ ಎರಡು ತುತ್ತು ಜಾಸ್ತಿಯೇ ಉಂಡೆ.

ಬೆಳಿಗ್ಗೆ ನಾವು ನಾಲ್ಕು ಜನ ಕುಂದಾಪುರಕ್ಕೆ ಹೊರಟೆವು. ನಾನು, ಗುಲಾಬಿ, ಸುಮತಿ, ಸುಮತಿಯ ಚಿಕ್ಕಮ್ಮ. ಆ ಹೊತ್ತಿಗೆ ಬರುವ ಗಾಡಿಯೂ ಎಕ್ಸ್‌ಪ್ರೆಸ್ಸೇ. ಗುಲಾಬಿ ನಾಲ್ಕು ಟಿಕೆಟು ಹಿಡಿದು ಕೌಂಟರಿನಿಂದ ಓಡಿಬಂದಳು. "ನಿಮ್ ಹಾಂಗೇ ಆರ್ಡಿನರಿದೇ ಕೇಂಡೆ ಅತ್ತಿಗೆ. ಹತ್ತ್ ಹತ್ತ್ ರುಪಾಯಿ!" ನಾಲ್ವರ ದಂಡವೆಂದರೆ ಸಾವಿರದ ಮೇಲೆ. ಸತ್ಯ ಹೇಳಿದರೆ ಮುಂದಿನ ಸಾಲು ಹೋಯಿತು. ಹೇಳದಿದ್ದರೆ ಮದುಮಗಳು ಚೆಕಿಂಗಿನವನ ಮುಂದೆ ತಲೆ ತಗ್ಗಿಸಬೇಕು. "ಒಂದ್ ನಿಮಿಷ, ಬಚ್ಚಲಿಗ್ ಹೋಯಿ ಬತ್ತೆ" ಎಂದು ಕುಂಟುತ್ತ ಕೌಂಟರಿಗೆ ಹೋಗಿ, ನಾಲ್ಕು ಎಕ್ಸ್‌ಪ್ರೆಸ್ ಟಿಕೆಟು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಗಾಡಿ ಹೊರಟು ಹತ್ತು ನಿಮಿಷವಾಗಿರಲಿಲ್ಲ, ಅದೇ ತೆಳ್ಳಗಿನ ಮೀಸೆ ಬಂತು. ಗುಲಾಬಿ ಹೆಮ್ಮೆಯಿಂದ ಹತ್ತರ ಟಿಕೆಟುಗಳನ್ನು ಚಾಚಿದಳು. ನಾನು ಅವಳ ಕೈ ತಳ್ಳಿ ನನ್ನವನ್ನು ಕೊಟ್ಟೆ. ಅವನು ನನ್ನ ಮುಖ ನೋಡಿ ನಕ್ಕುಬಿಟ್ಟ. "ಓ, ನಿನ್ನೆಯ ಅಜ್ಜಿ! ಇವತ್ತು ಸರಿಯಾದದ್ದೇ ತೆಗೆದಿದ್ದೀರಿ. ಇನ್ನೂರೆಪ್ಪತ್ತರ ದಂಡ ಕೆಲಸ ಮಾಡಿತು ನೋಡಿ."

ಅವನು ಮುಂದಿನ ಬೋಗಿಗೆ ಹೋದ. ಗುಲಾಬಿ ಬೈಯಲಿಲ್ಲ, ನಗಲೂ ಇಲ್ಲ. "ಚೀಲದಂಗೆ ಎಲೆ ಇದ್ರೆ ಒಂದ್ ಕೊಡಿ ಅತ್ತಿಗೆ" ಎಂದಳು, ಅಷ್ಟೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಸೀರೆ ಅಂಗಡಿಯಲ್ಲಿ ನಾನಾಗಿಯೇ ಹಿಂದೆ ಕೂತೆ. ಗುಲಾಬಿ ಮುಂದೆ ಕೂತಳು. ಅಂಗಡಿಯವನು ಹೇಳಿದ ಕ್ರಯಕ್ಕೆ "ಹೌದಾ" ಎಂದಳು, ಅವನ ಮಕ್ಕಳ ಆರೋಗ್ಯ ಕೇಳಿದಳು, ಸೀರೆಯ ಅಂಚು ಸವರಿದಳು, "ಚಂದ ಇತ್ತ್" ಎಂದು ಮಡಚಿಟ್ಟು ಎದ್ದಳು. ಅವನೇ ಬಾಗಿಲವರೆಗೆ ಬಂದು ಕರೆದ. ಗಂಟೆಗಟ್ಟಲೆ ಗಂಟಲು ಹರಿದುಕೊಂಡು ನಾನು ಇಳಿಸುತ್ತಿದ್ದುದಕ್ಕಿಂತ ಆರುನೂರು ಜಾಸ್ತಿ ಇಳಿಯಿತು.

"ಇಷ್ಟೆಲ್ಲಾ ಗೊತ್ತಿದ್ದೂ ನಲ್ವತ್ ವರ್ಷ ಬಾಯ್ ಮುಚ್ಕಂಡ್ ಕೂಕಂಡಿದ್ಯಾ ಹೆಣೆ?" ಎಂದೆ.

"ನೀವ್ ಜಗಳ ಮಾಡೂದ್ ಕಾಂಬುಕೆ ಖುಷಿ ಆತಿತ್ತ್ ಅತ್ತಿಗೆ" ಎಂದಳು.

ಈಗ ನಾನು ಯಾವ ಗಾಡಿಗೆ ಹೊರಟರೂ ಎಕ್ಸ್‌ಪ್ರೆಸ್ ಟಿಕೆಟನ್ನೇ ತೆಗೆಯುತ್ತೇನೆ. ಮೊನ್ನೆ ಮಧ್ಯಾಹ್ನದ ಗಾಡಿಗೆ ಮೂವತ್ತೈದರದ್ದು ಒತ್ತುವಾಗ ಶೇಖರ ಹೌಹಾರಿ, "ಅಮ್ಮ, ಇದ್ ಆರ್ಡಿನರಿ! ಹದಿನೈದ್ ಸಾಕ್!" ಎಂದು ಕೈ ಅಡ್ಡ ಹಿಡಿದ. "ಇರ್ಲಿ, ಕೈ ತೆಗಿ" ಎಂದೆ. ಜಾಸ್ತಿ ಕೊಟ್ಟವರಿಗೆ ದಂಡ ಹಾಕುವ ಚೆಕಿಂಗಿನವನು ಇನ್ನೂ ಹುಟ್ಟಿಲ್ಲ. ನನಗೆ ಯಾರೂ ಮೋಸ ಮಾಡಲಿಕ್ಕಾಗುವುದಿಲ್ಲ; ಇಪ್ಪತ್ತು ರೂಪಾಯಿಯನ್ನು ನಾನೇ ಮೊದಲು ಕೊಟ್ಟುಬಿಡುತ್ತೇನೆ.