ಗೋಡೆಯ ಮೂಲೆಯಲ್ಲಿ ಒಂದು ಹೆಸರು

ಗೋಡೆಗೆ ಚಿತ್ರ ಬರೆಯುವವನ ಹಣೆಬರಹ ಏನೆಂದರೆ, ಅವನ ಬೆನ್ನ ಹಿಂದೆ ಯಾವಾಗಲೂ ಏನಾದರೊಂದು ನಡೆಯುತ್ತಲೇ ಇರುತ್ತದೆ. ಅವನು ಗೋಡೆ ನೋಡುತ್ತಾ ನಿಂತಿರುತ್ತಾನೆ, ಊರು ಅವನ ಬೆನ್ನು ನೋಡುತ್ತಾ ನಿಂತಿರುತ್ತದೆ. ತಿಂಗಳಿಗೊಂದಾದರೂ ಇಂಥ ಪ್ರಸಂಗ ಆಗದಿದ್ದರೆ ನನಗೆ ಮೈ ಹುಷಾರಿಲ್ಲವೇನೋ ಅನ್ನಿಸುತ್ತದೆ.

ನಾನು ಮೊದಲು ಬೋರ್ಡು ಬರೆಯುತ್ತಿದ್ದವನು. ವಿಜಯನಗರದಿಂದ ಕೆಂಗೇರಿಯವರೆಗೆ ಹಿಟ್ಟಿನ ಗಿರಣಿ, ಪಂಕ್ಚರ್ ಅಂಗಡಿ, ಲೇಡೀಸ್ ಟೈಲರ್, ಹಲ್ಲಿನ ಡಾಕ್ಟರು, ಎಲ್ಲರ ಹೆಸರನ್ನೂ ನನ್ನ ಬ್ರಷ್ಷು ಬರೆದಿದೆ. ಬೋರ್ಡಿನ ಕೆಳಗಿನ ಮೂಲೆಯಲ್ಲಿ ಬರೆದವನ ಹೆಸರು ಸಣ್ಣದಾಗಿ ಇರುವುದು ನಮ್ಮ ಕಸುಬಿನ ರೂಢಿ. ಅಂಗೈಯಷ್ಟೂ ಇಲ್ಲದ ಆ ಜಾಗವೇ ನಮ್ಮ ಆಸ್ತಿ. ಆಮೇಲೆ ಫ್ಲೆಕ್ಸ್ ಬಂತು, ಬೋರ್ಡುಗಳೆಲ್ಲ ಗುಜರಿಗೆ ಹೋದವು, ಮೂಲೆಯಲ್ಲಿದ್ದ ನಾನೂ ಅವುಗಳ ಜೊತೆಗೇ ಹೋದೆ.

ಈಗ ಬೀದಿ ಕಲೆಯ ಕಾಲ. ಎಲ್ಲಿ ನೋಡಿದರೂ ಗೋಡೆ ತುಂಬ ಚಿತ್ರ, ನನಗೂ ಅಲ್ಲಿ ಇಲ್ಲಿ ಕೆಲಸ. ಆದರೆ ಒಂದು ದಿನ ಹೆಂಡತಿ ಹುರುಳಿಕಾಯಿ ಮುರಿಯುತ್ತಾ ಕೇಳಿದಳು, "ಮೂವತ್ತು ವರ್ಷ ಊರೋರ ಹೆಸರೆಲ್ಲ ಬರೆದ್ರಿ. ನಿಮ್ಮ ಹೆಸರು ಎಲ್ಲಾದ್ರೂ ಒಂದು ಕಡೆ ಇದ್ರೆ ತೋರಿಸಿ, ನೋಡೋಣ."

ತೋರಿಸಲು ಎಲ್ಲೂ ಇರಲಿಲ್ಲ. ಅವಳು ಕೆಟ್ಟದ್ದಕ್ಕೆ ಕೇಳಿದ್ದಲ್ಲ, ಆದರೂ ನನಗೆ ಅವತ್ತು ಊಟ ಸೇರಲಿಲ್ಲ. ಅಂದಿನಿಂದ ಒಂದೇ ಹಠ: ಒಂದು ಗೋಡೆ, ಒಂದು ಮೂಲೆ, ಅಲ್ಲಿ ನನ್ನ ಹೆಸರು.

ಸಮುದಾಯ

ನಾಯಂಡಹಳ್ಳಿಯ ಗೋಡೌನ್ ಒಂದರ ಗೋಡೆಗೆ ಹೂ ಮಾರುವ ಹೆಂಗಸಿನ ಮುಖ ಬರೆಯಬೇಕಿತ್ತು, ಮೂರು ಮಹಡಿ ಎತ್ತರಕ್ಕೆ. ಹೊರಗಿನಿಂದ ಬಂದ ಯುವ ಕಲಾವಿದ ಗೆರೆ ಹಾಕಿಕೊಟ್ಟ. ಬಣ್ಣ ತುಂಬಿದವನು ನಾನು. ಹನ್ನೊಂದು ದಿನ ಬಿಸಿಲಿನಲ್ಲಿ ತೂಗಾಡುವ ತೊಟ್ಟಿಲಿನಂಥ ಲಿಫ್ಟಿನಲ್ಲಿ ನಿಂತು, ಒಂದು ಮೂಗಿನ ಹೊಳ್ಳೆಗೇ ಅರ್ಧ ದಿನ ಕೊಟ್ಟೆ. ಕಲಾವಿದ ಕೆಳಗೆ ಕುರ್ಚಿ ಹಾಕಿಕೊಂಡು ಸಂದರ್ಶನ ಕೊಡುತ್ತಿದ್ದ. ಚಿತ್ರ ತನ್ನೊಳಗಿನಿಂದ ಹೇಗೆ ಬರುತ್ತಿದೆ ಎಂದು ಅವನು ಹೇಳುತ್ತಿದ್ದದ್ದು ಮೇಲಿದ್ದ ನನಗೂ ಕೇಳಿಸುತ್ತಿತ್ತು.

ಉದ್ಘಾಟನೆಯ ದಿನ ಗೋಡೆಯ ಬುಡದಲ್ಲಿ ಹೆಸರುಗಳ ಫಲಕ ಹಾಕಿದರು. ಕಲಾವಿದನ ಹೆಸರಿತ್ತು, ಬಣ್ಣದ ಕಂಪನಿಯ ಹೆಸರಿತ್ತು, ಲಿಫ್ಟ್ ಬಾಡಿಗೆಗೆ ಕೊಟ್ಟವನ ಹೆಸರು ಫೋನ್ ನಂಬರಿನ ಸಮೇತ ಇತ್ತು. ನಾನು ಎರಡು ಸಲ ಓದಿ, ಕಲಾವಿದನನ್ನು ಪಕ್ಕಕ್ಕೆ ಕರೆದು ನನ್ನದೆಲ್ಲಿ ಎಂದು ಕೇಳಿದೆ. ಅವನು ತುಂಬ ಪ್ರೀತಿಯಿಂದ ಹೆಗಲ ಮೇಲೆ ಕೈ ಹಾಕಿ ಕೊನೆಯ ಸಾಲು ತೋರಿಸಿದ. 'ಸ್ಥಳೀಯ ಸಮುದಾಯದ ಸಹಕಾರದೊಂದಿಗೆ.'

"ಅದು ನೀವೇ ಅಣ್ಣಾ," ಎಂದ.

ಇಡೀ ಸಮುದಾಯ ಅವತ್ತು ಸಂಜೆ ಒಂದೇ ಮೆಟ್ರೋ ಸೀಟಿನಲ್ಲಿ ಕೂತು ನಮ್ಮ ಹೊಸಹಳ್ಳಿಗೆ ಬಂದಿಳಿಯಿತು. ನಡೆದದ್ದನ್ನು ಹೆಂಡತಿಗೆ ಹೇಳಿದೆ, ಹೇಳಬಾರದಿತ್ತು. ಈಗ ಅವಳು ಊಟಕ್ಕೆ ಕರೆಯುವುದೇ "ಸಮುದಾಯ, ಕೈ ತೊಳ್ಕೊಂಡು ಬನ್ನಿ" ಎಂದು.

ನೈಋತ್ಯ

ಬಸವೇಶ್ವರನಗರದ ಒಂದು ಪಾರ್ಕಿನ ಗೋಡೆಗೆ ಹಕ್ಕಿಗಳನ್ನು ಬರೆಯಲು ಅಲ್ಲಿನ ನಿವಾಸಿಗಳ ಸಂಘ ನನ್ನನ್ನೇ ನೇರವಾಗಿ ಕರೆಯಿತು. ಮೊದಲ ದಿನವೇ ಕೇಳಿಕೊಂಡೆ, ಮೂಲೆಯಲ್ಲಿ ಹೆಸರು ಹಾಕಿಕೊಳ್ಳಬಹುದಾ ಎಂದು. ಅಧ್ಯಕ್ಷರು ಧಾರಾಳವಾಗಿ ಒಪ್ಪಿದರು. ಅವರು ನಿವೃತ್ತ ಇಂಜಿನಿಯರು, ಈಗ ವಾಸ್ತು ನೋಡುತ್ತಾರೆ.

ಹಕ್ಕಿಗಳೆಲ್ಲ ಪೂರ್ವಕ್ಕೇ ಮುಖ ಮಾಡಿರಬೇಕು ಎಂದರು, ಹಾಗೇ ಬರೆದೆ. ಒಂದು ಗುಬ್ಬಿ ಮರೆತು ಪಶ್ಚಿಮಕ್ಕೆ ತಿರುಗಿತ್ತು, ಅದರಿಂದ ಒಬ್ಬ ಸದಸ್ಯರ ಮಗಳ ಮದುವೆ ನಿಂತಿದೆ ಎಂದು ದೂರು ಬಂತು, ಅದನ್ನೂ ತಿರುಗಿಸಿದೆ. ನಲವತ್ತು ಹಕ್ಕಿ ಒಂದೇ ಕಡೆ ನೋಡುತ್ತಿರುವುದನ್ನು ಕಂಡು ವಾಕಿಂಗ್ ಬಂದವರು ಆ ಕಡೆ ಏನಾಗಿದೆ ಎಂದು ತಿರುಗಿ ನೋಡುತ್ತಿದ್ದರು. ಅಲ್ಲಿ ಕಸದ ಗಾಡಿ ಇರುತ್ತಿತ್ತು.

ಇರಲಿ, ಕೊನೆಗೆ ಬಲಗಡೆಯ ಕೆಳಮೂಲೆಯಲ್ಲಿ ನನ್ನ ಹೆಸರು ಬರೆದೆ. ಮರುದಿನ ಹೆಂಡತಿಗೆ ಒಳ್ಳೆ ಸೀರೆ ಉಡಿಸಿಕೊಂಡು ಕರೆದುಕೊಂಡು ಹೋದೆ. ಹೆಸರಿದ್ದ ಕಡೆ ಒಂದು ಕಲ್ಲುಬೆಂಚು ಗೋಡೆಗೆ ಒತ್ತಿಕೊಂಡು ಕೂತಿತ್ತು. ಅಧ್ಯಕ್ಷರು ಓಡಿಬಂದು ವಿವರಿಸಿದರು: ಅದು ಪಾರ್ಕಿನ ನೈಋತ್ಯ ಮೂಲೆ, ಅಲ್ಲಿ ಭಾರ ಇರಲೇಬೇಕು, ಬೆಂಚನ್ನು ಈಚೆ ಸರಿಸಿದರೆ ಸಂಘಕ್ಕೇ ಕೇಡು.

ಬೆಂಚಿನ ಮೇಲೆ ಒಬ್ಬರು ದಪ್ಪನೆಯ ಹಿರಿಯರು ಪ್ರಾಣಾಯಾಮ ಮಾಡುತ್ತಿದ್ದರು. ಹೆಂಡತಿ ಬಗ್ಗಿ, ಅವರ ಕಾಲುಗಳ ನಡುವಿನ ಸಂದಿಯಲ್ಲಿ ನನ್ನ ಹೆಸರು ಓದಲು ಪ್ರಯತ್ನಪಟ್ಟಳು. ಆ ಹಿರಿಯರು ಆಮೇಲೆ ಒಂದು ವಾರ ಪಾರ್ಕಿಗೆ ಬರಲಿಲ್ಲವಂತೆ.

ಮರ

ಲಗ್ಗೆರೆಯ ಕಾರ್ಖಾನೆಯೊಂದರ ಗೋಡೆಗೆ ದಾರಿಹೋಕರೆಲ್ಲ ನಿಂತು ಜಲಬಾಧೆ ತೀರಿಸಿಕೊಳ್ಳುತ್ತಿದ್ದರು. ದೇವರ ಚಿತ್ರ ಬರೆಯಲಾ ಎಂದರೆ ಮಾಲೀಕರು ಬೇಡ ಎಂದರು, ದೇವರಿಗೆ ಯಾಕೆ ಈ ಶಿಕ್ಷೆ ಎಂದು. ಒಂದು ದೊಡ್ಡ ಮರ ಬರೆಯಿರಿ, ಹಸಿರು ಕಂಡರೆ ಜನಕ್ಕೆ ಮನಸ್ಸು ಬರುವುದಿಲ್ಲ ಎಂದರು. ನಾನು ಆಲದ ಮರ ಬರೆದೆ. ತೊಗಟೆಯ ಬಿರುಕು, ಬಿಳಲು, ಬೇರು, ಒಂದೂ ಬಿಡಲಿಲ್ಲ. ಬೇರಿನ ಮೇಲೆ ನನ್ನ ಹೆಸರು.

ಮೊದಲು ಗೋಡೆಯುದ್ದಕ್ಕೂ ಹರಡಿ ನಿಲ್ಲುತ್ತಿದ್ದ ಜನ ಈಗ ಸಾಲಾಗಿ ಮರದ ಬುಡಕ್ಕೇ ಬಂದರು. ಒಬ್ಬ ಟೆಂಪೋ ಡ್ರೈವರ್‌ನನ್ನು ಹಿಡಿದು ಇದೇನಪ್ಪಾ ಎಂದು ಕೇಳಿದೆ. ಅವನು ಪ್ಯಾಂಟು ಸರಿಮಾಡಿಕೊಂಡು, ಮರವನ್ನು ಮೇಲಿಂದ ಕೆಳಗೆ ನೋಡಿ, "ನಿಜವಾದ್ದು ಅಂದ್ಕೊಂಡೆ ಸಾರ್," ಎಂದ.

ಮೂವತ್ತು ವರ್ಷದಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಹೊಗಳಿಕೆ ಅದು. ಹೆಸರು ಮಾತ್ರ ಎರಡು ತಿಂಗಳಲ್ಲಿ ತೊಳೆದುಹೋಯಿತು.

ಅಜ್ಞಾತ ಕಲಾವಿದ

ಹೋದ ತಿಂಗಳು ಒಂದು ಭಾನುವಾರ ಬೆಳಗ್ಗೆ ಕೊತ್ತಂಬರಿ ಸೊಪ್ಪು ತರಲು ಹೊರಟಿದ್ದೆ. ನಮ್ಮ ಪಕ್ಕದ ರಸ್ತೆಯ ಒಂದು ಹಳೆ ಮನೆಯ ಮುಂದೆ ಇಪ್ಪತ್ತು ಜನ ಕ್ಯಾಮೆರಾ ಹಿಡಿದು ನಿಂತಿದ್ದರು. ಬೀದಿ ಕಲೆ ತೋರಿಸುವ ನಡಿಗೆಯಂತೆ. ಚುರುಕಾದ ಹುಡುಗಿಯೊಬ್ಬಳು ಎಲ್ಲರಿಗೂ ವಿವರಿಸುತ್ತಿದ್ದಳು. ಅವಳು ತೋರಿಸುತ್ತಿದ್ದದ್ದು ಕಾಂಪೌಂಡಿನ ಮೇಲಿದ್ದ ಕಪ್ಪು ಅಕ್ಷರಗಳನ್ನು: 'ಈ ಗೋಡೆಯ ಮೇಲೆ ಏನನ್ನೂ ಬರೆಯಬಾರದು.'

ಅದು ನನ್ನ ಕೈಬರಹ. ಇಪ್ಪತ್ತನೇ ವಯಸ್ಸಿನಲ್ಲಿ ನನಗೆ ಸಿಕ್ಕ ಮೊದಲ ಗೋಡೆ. ಮೇಲೆ ಮನೆಯ ಸಜ್ಜದ ನೆರಳಿದ್ದುದರಿಂದ ಬಣ್ಣ ಉಳಿದುಕೊಂಡಿತ್ತು. ಆಗ ಗೋಡೆಯ ಕೊನೆಗೆ ಒಂದು ನೀರಿನ ಪೈಪು ಇಳಿದಿತ್ತು. ನಾನು ಅಳತೆ ತಪ್ಪಿ ದಪ್ಪದಪ್ಪ ಬರೆಯುತ್ತಾ ಹೋಗಿ, ಪೈಪು ಬಂದಾಗ ಎಚ್ಚರಾಗಿ, ಕೊನೆಯ ನಾಲ್ಕು ಅಕ್ಷರವನ್ನು ಹಿಂಡಿ ಹಿಂಡಿ ತುರುಕಿದ್ದೆ. ಆ ನಾಚಿಕೆಗೇ ಕೆಳಗೆ ಹೆಸರು ಹಾಕದೆ ಓಡಿಬಂದಿದ್ದೆ. ಪೈಪನ್ನು ಎಂದೋ ಕಿತ್ತು ಹಾಕಿದ್ದಾರೆ, ಹಿಂಡಿದ ಅಕ್ಷರ ಹಾಗೇ ಇದೆ.

"ಕೊನೆ ಅಕ್ಷರಗಳು ಹೇಗೆ ಕುಗ್ತಾ ಹೋಗಿವೆ ನೋಡಿ," ಎಂದಳು ಹುಡುಗಿ. "ಈ ಸಿಟೀಲಿ ಸಾಮಾನ್ಯ ಮನುಷ್ಯನಿಗೆ ಜಾಗ ಕಡಿಮೆ ಆಗ್ತಿರೋದನ್ನ ಆರ್ಟಿಸ್ಟ್ ಆಗಲೇ ಹೇಳಿಬಿಟ್ಟಿದಾರೆ. ಅವರು ಯಾರು ಅಂತ ಗೊತ್ತಿಲ್ಲ. ಈಗ ಬದುಕಿರಲಿಕ್ಕಿಲ್ಲ."

ಇಪ್ಪತ್ತು ಜನ ಒಂದು ನಿಮಿಷ ಮೌನವಾಗಿ ನಿಂತರು. ನಾನೂ ನಿಂತೆ.

ಆಮೇಲೆ ತಡೆಯಲಾಗದೆ, ಇದನ್ನು ಬರೆದವನು ನಾನೇ, ಅದು ಪೈಪಿನಿಂದ ಆದದ್ದು ಎಂದು ಹೇಳಿದೆ. ಯಾರೂ ನಗಲಿಲ್ಲ, ನಂಬಲೂ ಇಲ್ಲ. ಹುಡುಗಿ ತುಂಬ ಮರ್ಯಾದೆಯಿಂದ, ಪೈಪು ಎಲ್ಲಿದೆ ಅಂಕಲ್ ಎಂದು ಕೇಳಿ, ಫೋಟೋಕ್ಕೆ ಅಡ್ಡ ಬರದ ಹಾಗೆ ಸ್ವಲ್ಪ ಪಕ್ಕಕ್ಕೆ ನಿಲ್ಲಲು ಹೇಳಿದಳು.

ಮೂವತ್ತು ವರ್ಷಕ್ಕೆ ಒಂದು ಗೋಡೆ ಉಳಿದಿದೆ, ಅದರಲ್ಲೂ ನಾನು ಸತ್ತುಹೋಗಿದ್ದೇನೆ. ನೇರ ಮನೆಗೆ ಹೋಗಿ ಕೆಲಸದ ಚೀಲ ತಂದೆ. ಅವರು ಇನ್ನೂ ಫೋಟೋ ತೆಗೆಯುತ್ತಲೇ ಇದ್ದರು. ಮೂಲೆಯಲ್ಲಿ ಮಂಡಿಯೂರಿ, ಸಣ್ಣ ಬ್ರಷ್ಷನ್ನು ಕಪ್ಪು ಎನಾಮಲ್‌ನಲ್ಲಿ ಅದ್ದಿ, ನನ್ನ ಹೆಸರಿನ ಮೊದಲ ಅಕ್ಷರ ಬರೆದೆ. ಅಕ್ಷರ ಬಹಳ ಚೆನ್ನಾಗಿ ಬಂತು.

ಅಷ್ಟರಲ್ಲಿ ಗೇಟು ತೆಗೆದುಕೊಂಡು ಆ ಮನೆಯ ಸೊಸೆ ಹೊರಗೆ ಬಂದರು. ಒಮ್ಮೆ ನನ್ನ ಬ್ರಷ್ಷು ನೋಡಿದರು, ಒಮ್ಮೆ ಮೇಲೆ ಗೋಡೆ ನೋಡಿದರು.

"ಏನು ಬರೆದಿದೆ ಅಲ್ಲಿ? ಓದೋಕೆ ಬರಲ್ವಾ ನಿಮಗೆ?"

ಇಪ್ಪತ್ತು ಜನವೂ ಗೋಡೆಯ ಕಡೆ ಬೆರಳು ತೋರಿಸಿದರು. ನಾನು ತಲೆಯೆತ್ತಿ ಓದಿದೆ. ಸ್ಪಷ್ಟವಾಗಿಯೇ ಬರೆದಿದ್ದೆ, ತಕರಾರು ಮಾಡಲು ಏನೂ ಇರಲಿಲ್ಲ. ಒರೆಸಿ ಎಂದರು ಸೊಸೆ. ಚೀಲದಲ್ಲಿ ಥಿನ್ನರ್ ಇತ್ತು, ಬಟ್ಟೆಯೂ ಇತ್ತು. ಹಳೆಯ ಅಕ್ಷರಗಳಿಗೆ ಎಲ್ಲೂ ತಾಗದ ಹಾಗೆ, ಗೋಡೆಯಲ್ಲಿ ಕಲೆಯೂ ಉಳಿಯದ ಹಾಗೆ, ನನ್ನ ಹೆಸರನ್ನು ನಾನೇ ಒರೆಸಿದೆ.

ಸೊಸೆ ಬಗ್ಗಿ ನೋಡಿದರು. ಅವರ ಸಿಟ್ಟು ಇಳಿದಿತ್ತು.

"ಪರವಾಗಿಲ್ಲ, ನೀಟಾಗಿ ಒರೆಸಿದೀರಾ," ಎಂದರು. "ಪೇಂಟಿಂಗ್ ಕೆಲಸ ಏನಾದ್ರೂ ಗೊತ್ತಾ ನಿಮಗೆ?"